ಮಾತು ಶುರುವಾದರೆ ಕಾಲು ನಿಲ್ಲುವುದೇಕೆ?

ಸ್ವೀಡನ್ನಿನ ಉತ್ತರ ಭಾಗದಲ್ಲಿ ಉಮಿಯೊ ಎಂಬ ಊರಿದೆ. ಅಲ್ಲಿ ವಯಸ್ಸಾದವರ ವಸತಿಯಲ್ಲಿ ಲಿಲ್ಲೆಮೋರ್ ಲುಂಡಿನ್-ಓಲ್ಸನ್ ಎಂಬ ಫಿಸಿಯೋಥೆರಪಿಸ್ಟ್ ಮತ್ತು ಅವರ ಜೊತೆಗಾರರು ಒಂದು ಸಣ್ಣ ಸಂಗತಿಯ ಬೆನ್ನು ಹತ್ತಿದರು. ಹಿರಿಯರ ಜೊತೆ ನಡೆಯುತ್ತಾ ಮಾತಿಗೆಳೆದರೆ ಕೆಲವರು ನಡೆಯುತ್ತಲೇ ಉತ್ತರ ಕೊಡುತ್ತಾರೆ. ಕೆಲವರು ಗಕ್ಕನೆ ನಿಂತುಬಿಡುತ್ತಾರೆ. ಮಾತು ಮುಗಿದ ಮೇಲೆ ಮತ್ತೆ ಹೆಜ್ಜೆ. ಅವರು ನೋಡಿದ 58 ಮಂದಿಯಲ್ಲಿ ಹೀಗೆ ನಿಂತವರು 12. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. ನಿಲ್ಲದೆ ಮಾತಾಡಿದ 46 ಮಂದಿಯಲ್ಲಿ ಬಿದ್ದವರು 11. 1997ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪುಟ್ಟ ಬರಹವಾಗಿ ಬಂತು. ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆ ಇಲ್ಲ. ಜೊತೆಯಲ್ಲಿ ನಡೆಯುವ ಒಬ್ಬರು, ಅವರ ಬಾಯಲ್ಲಿ ಒಂದು ಮಾತು, ಅಷ್ಟೇ.

ಇದನ್ನು ಓದಿ ಗಾಬರಿ ಬೀಳಬೇಡಿ. ನಮ್ಮ ಹಿರಿಯರು ರಸ್ತೆ ಮಧ್ಯೆ ನಿಲ್ಲುವುದಕ್ಕೆ ಬೇರೆ ಕಾರಣಗಳೂ ಇವೆ. ಕತೆ ಒಳ್ಳೆ ಘಟ್ಟಕ್ಕೆ ಬಂದಾಗ ಕೇಳುವವರ ಕೈ ಹಿಡಿದು ನಿಲ್ಲಿಸಿ, "ಆಮೇಲೇನಾಯ್ತು ಗೊತ್ತಾ" ಅನ್ನುವವರು ಪ್ರತಿ ಪಾರ್ಕಿನಲ್ಲೂ ಇದ್ದಾರೆ. ಅದು ಕತೆಗಾರರ ನಿಲ್ಲುವಿಕೆ. ಇಲ್ಲಿ ಹೇಳುತ್ತಿರುವುದು ಬೇರೆ. "ಕಾಫಿ ಆಯ್ತಾ" ಎಂಬಷ್ಟು ಸಣ್ಣ ಪ್ರಶ್ನೆಗೂ ಕಾಲು ನಿಂತುಹೋಗುವುದು. ನಿಂತದ್ದು ಅವರ ಗಮನಕ್ಕೇ ಬರದಿರುವುದು.

ಕಾಲಿಗೂ ಮಾತಿಗೂ ಏನು ಸಂಬಂಧ? ನಡಿಗೆ ಅಂದರೆ ನಮಗೆ ನೆನಪಾಗುವುದು ಮಂಡಿ, ಸೊಂಟ, ಮೀನಖಂಡ. ಅಜ್ಜಿ ನಿಧಾನವಾದರೆ "ಮಂಡಿ ಸವೆದಿದೆ" ಅನ್ನುತ್ತೇವೆ. ಎಷ್ಟೋ ಸಲ ಅದು ನಿಜ ಕೂಡ. ಆದರೆ ಮಂಡಿಯ ಮೇಲೆ ಇಡೀ ತಪ್ಪು ಹೊರಿಸಿದರೆ, ಆ ಮಂಡಿಗೆ ಆಜ್ಞೆ ಕೊಡುವ ಯಜಮಾನನನ್ನು ಕೇಳದೇ ಬಿಟ್ಟ ಹಾಗಾಗುತ್ತದೆ.

ಒಂದು ಹೆಜ್ಜೆಯ ಹಿಂದೆ ಎಷ್ಟು ಜನ

ನಡಿಗೆಯ ತೀರಾ ಕೆಳಗಿನ ಪದರ ಬೆನ್ನುಹುರಿಯಲ್ಲಿದೆ. ಎಡ, ಬಲ, ಎಡ, ಬಲ ಎಂಬ ತಾಳ ಹಾಕುವ ನರಗಳ ಗುಂಪು ಅಲ್ಲೇ ಇರುತ್ತದೆ. 1911ರಲ್ಲಿ ಥಾಮಸ್ ಗ್ರಹಾಂ ಬ್ರೌನ್ ಎಂಬ ವಿಜ್ಞಾನಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಮಿದುಳಿನ ಸಂಪರ್ಕ ಕಡಿದರೂ ಬೆನ್ನುಹುರಿ ಕಾಲಿನ ಸ್ನಾಯುಗಳಿಗೆ ಲಯ ಕೊಡಬಲ್ಲದು ಎಂದು ತೋರಿಸಿದರು. ಹಾಗಾದರೆ ಮಿದುಳು ಯಾಕೆ ಬೇಕು?

ಲಯ ಒಂದಿದ್ದರೆ ನಡಿಗೆ ಆಗುವುದಿಲ್ಲ ಅಂತ ತಿಳಿಯಲು ಬೆಂಗಳೂರಿನ ಯಾವುದಾದರೂ ಫುಟ್‌ಪಾತ್ ಮೇಲೆ ನೂರು ಹೆಜ್ಜೆ ಹಾಕಿದರೆ ಸಾಕು. ಒಂದು ಕಲ್ಲು ಹಾಸು ಮೇಲೆದ್ದಿದೆ. ಮುಂದೆ ನಾಯಿ ಮಲಗಿದೆ. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿದ್ದಾರೆ, ಎದುರಿಂದ ಇನ್ನೊಂದು ಸ್ಕೂಟರ್ ಫುಟ್‌ಪಾತ್ ಮೇಲೇ ಬರುತ್ತಿದೆ. ಎಲ್ಲಿ ಕಾಲಿಡಬೇಕು, ಎಷ್ಟು ಎತ್ತಬೇಕು, ಕೆಳಗಿಳಿಯಬೇಕೋ ಬೇಡವೋ, ಇದೆಲ್ಲ ಅರೆಕ್ಷಣದ ಲೆಕ್ಕ. ತಲೆಯ ಹಿಂಬದಿಯ ಕಿರುಮಿದುಳು ತೂಗಾಟ ಸರಿಪಡಿಸುತ್ತದೆ. ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಅಭ್ಯಾಸವಾದ ಚಲನೆಯನ್ನು ತಂತಾನೇ ನಡೆಯಲು ಬಿಡುತ್ತದೆ. ಹಿಪ್ಪೊಕ್ಯಾಂಪಸ್ ಎಲ್ಲಿದ್ದೇವೆ, ಎಲ್ಲಿಗೆ ಹೊರಟಿದ್ದೇವೆ ಎಂಬುದರ ನಕ್ಷೆ ಇಟ್ಟುಕೊಂಡಿರುತ್ತದೆ. ಹೊಸ ನೆನಪುಗಳನ್ನು ಕೂಡಿಸುವುದೂ ಇದೇ ಹಿಪ್ಪೊಕ್ಯಾಂಪಸ್ ಅನ್ನುವುದು ನೆನಪಿರಲಿ. ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಯೋಜನೆ ಹಾಕುತ್ತದೆ. ಯಾವುದಕ್ಕೆ ಗಮನ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುತ್ತದೆ.

ವಯಸ್ಸಿನಲ್ಲಿರುವಾಗ ಇದರಲ್ಲಿ ಬಹುಪಾಲು ತಂತಾನೇ ನಡೆದುಹೋಗುತ್ತದೆ. ಫೋನಿನಲ್ಲಿ ಜಗಳವಾಡುತ್ತಾ ಮೆಟ್ಟಿಲು ಹತ್ತುತ್ತೇವೆ. ವಯಸ್ಸಾದಂತೆ ಕಣ್ಣು, ಅಂಗಾಲಿನ ಸ್ಪರ್ಶ, ಕಿವಿಯೊಳಗಿನ ಸಮತೋಲದ ಅರಿವು ಎಲ್ಲವೂ ಸ್ವಲ್ಪ ಸ್ವಲ್ಪ ಮಂಕಾಗುತ್ತವೆ. ತಂತಾನೇ ಆಗುತ್ತಿದ್ದ ಕೆಲಸಕ್ಕೆ ಈಗ ಮಿದುಳಿನ ಮುಂಭಾಗ ಕೈ ಹಾಕಬೇಕಾಗುತ್ತದೆ. ಆ ಭಾಗಕ್ಕೇ ಮಾತಾಡುವ, ಲೆಕ್ಕ ಹಾಕುವ, ನೆನಪಿನಿಂದ ಹೆಸರು ಹುಡುಕುವ ಕೆಲಸವೂ ಬಿತ್ತು ಅನ್ನಿ. ಎರಡಕ್ಕೂ ಆಗುವಷ್ಟು ಗಮನ ಉಳಿದಿಲ್ಲದಿದ್ದರೆ ಒಂದನ್ನು ಬಿಡಲೇಬೇಕು. ಉಮಿಯೊದ ಆ ಹನ್ನೆರಡು ಮಂದಿ ಬಿಟ್ಟಿದ್ದು ನಡಿಗೆಯನ್ನು.

ಇನ್ನೊಂದು ವಿಷಯವಿದೆ, ನನ್ನ ಪ್ರಕಾರ ನಮ್ಮ ದೇಶಕ್ಕೆ ಇದೇ ಮುಖ್ಯ. ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ನರತಂತುಗಳ ಕಟ್ಟುಗಳು ಇರುತ್ತವೆ. ಅವುಗಳಿಗೆ ರಕ್ತ ಕೊಡುವುದು ಕೂದಲೆಳೆಯಷ್ಟು ಸಣ್ಣ ನಾಳಗಳು. ವರ್ಷಗಟ್ಟಲೆ ಬಿಪಿ, ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಈ ನಾಳಗಳು ಗಟ್ಟಿಯಾಗಿ ಸುತ್ತಲಿನ ತಂತುಗಳು ಸೊರಗುತ್ತವೆ. ಎಂಆರ್‌ಐ ತೆಗೆದರೆ ಬಿಳಿ ಮಚ್ಚೆಗಳಂತೆ ಕಾಣುತ್ತವೆ. ಪಾರ್ಶ್ವವಾಯು ಬಡಿದ ಹಾಗೆ ಒಂದೇ ದಿನ ಗೊತ್ತಾಗುವುದಿಲ್ಲ. ಕಾಲಿಗೆ ಹೋಗುವ ಉದ್ದನೆಯ ತಂತುಗಳೂ, ಯೋಚನೆಗೆ ಬೇಕಾದ ತಂತುಗಳೂ ಈ ಜಾಗದಲ್ಲೇ ಹಾದುಹೋಗುತ್ತವೆ. ಹಾಗಾಗಿ ಹೆಜ್ಜೆ ಚಿಕ್ಕದಾಗುವುದು, ಯೋಚನೆ ನಿಧಾನವಾಗುವುದು ಎರಡೂ ಜೊತೆಜೊತೆಗೆ ಬರುತ್ತವೆ.

ಮರೆವಿಗೂ ಮೊದಲೇ

ಜೋ ವರ್ಗೀಸ್ ಎಂಬ ನರರೋಗ ತಜ್ಞರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ವರ್ಷಗಟ್ಟಲೆ ಹಿರಿಯರ ನಡಿಗೆಯ ಹಿಂದೆ ಬಿದ್ದವರು. 2002ರಲ್ಲಿ ಅವರ ತಂಡ 75 ದಾಟಿದ 422 ಮಂದಿಯ ದಾಖಲೆಗಳನ್ನು ಪ್ರಕಟಿಸಿತು. ಅಧ್ಯಯನಕ್ಕೆ ಸೇರುವಾಗ ಇವರಲ್ಲಿ ಯಾರಿಗೂ ಡಿಮೆನ್ಶಿಯಾ ಇರಲಿಲ್ಲ. ಆದರೆ ಆಗಲೇ ನಡಿಗೆಯಲ್ಲಿ ನರಕ್ಕೆ ಸಂಬಂಧಿಸಿದ ದೋಷ ಕಂಡವರಲ್ಲಿ, ಮುಂದೆ ಡಿಮೆನ್ಶಿಯಾ ಬರುವ ಸಾಧ್ಯತೆ ಜಾಸ್ತಿ ಇತ್ತು. ಅದರಲ್ಲೂ ರಕ್ತನಾಳಗಳ ತೊಂದರೆಯಿಂದ ಬರುವ ಬಗೆಯದ್ದಕ್ಕೆ ಸುಮಾರು ಮೂರೂವರೆ ಪಟ್ಟು. ಅಲ್‌ಝೈಮರ್ ಜೊತೆ ಅಂಥ ನಂಟು ಕಾಣಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಡಿಮೆನ್ಶಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಯೋಚನೆ, ದಿನದ ಕೆಲಸ ಕೈತಪ್ಪಿ ಹೋಗುವ ಸ್ಥಿತಿಯ ಹೆಸರು. ಅದಕ್ಕೆ ಹಲವು ದಾರಿಗಳಿವೆ. ಅಲ್‌ಝೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಹೊಸ ನೆನಪು. ಬೆಳಿಗ್ಗೆ ಏನು ತಿಂದೆ ಎಂಬುದು ಮರೆತರೂ ಮನುಷ್ಯ ಗಟ್ಟಿಮುಟ್ಟಾಗಿ ಊರು ಸುತ್ತುತ್ತಾನೆ, ಎಷ್ಟೋ ಸಲ ದಾರಿ ತಪ್ಪುವಷ್ಟು ದೂರ. ರಕ್ತನಾಳದ ಬಗೆಯಲ್ಲಿ ಕಾಲು ಮೊದಲು ಸುಳಿವು ಕೊಡಬಹುದು. ಲೂಯಿ ಬಾಡಿ ಎಂಬ ಇನ್ನೊಂದು ಬಗೆಯಲ್ಲಿ ಪಾರ್ಕಿನ್ಸನ್‌ನ ಹಾಗೆ ಮುಂದೆ ಬಾಗಿ, ಕಾಲೆಳೆದು ನಡೆಯುತ್ತಾರೆ, ಕೈ ಬೀಸುವುದಿಲ್ಲ.

ಹಾಗಂತ ಅಲ್‌ಝೈಮರ್ ಬಂದವರ ಕಾಲಿಗೆ ಏನೂ ಆಗುವುದಿಲ್ಲ ಅಂತಲ್ಲ. ಹೆಜ್ಜೆಯಿಂದ ಹೆಜ್ಜೆಗೆ ಸಮಯ ಏರುಪೇರಾಗುವುದನ್ನು ಅವರಲ್ಲೂ ಅಳೆದಿದ್ದಾರೆ. ಕಣ್ಣಿಗೆ ಕಾಣಲಿಕ್ಕಿಲ್ಲ, ಸೆನ್ಸರ್ ಕಟ್ಟಿದರೆ ಗೊತ್ತಾಗುತ್ತದೆ.

ಎಷ್ಟು ಮೊದಲು ಶುರುವಾಗುತ್ತದೆ? ಅಮೆರಿಕದ ಒರೆಗಾನ್‌ನಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ವರ್ಷವರ್ಷವೂ ನಡೆಸಿ ನೋಡಿದರು. ಮುಂದೆ ಮರೆವಿನ ಮೊದಲ ಹಂತ ತಲುಪಿದವರ ದಾಖಲೆಗಳನ್ನು ಹಿಂದಕ್ಕೆ ತಿರುಗಿಸಿದಾಗ, ಅದಕ್ಕೆ ಸುಮಾರು 12 ವರ್ಷ ಮೊದಲೇ ಅವರ ನಡಿಗೆಯ ವೇಗ ಬೇಗಬೇಗ ಇಳಿಯಲು ಶುರುವಾಗಿತ್ತು. ಇದು 2010ರ ವರದಿ. ಹನ್ನೆರಡು ವರ್ಷ ಅಂದರೆ ಒಂದು ಮಗು ಹುಟ್ಟಿ ಹೈಸ್ಕೂಲಿನ ಬಾಗಿಲಿಗೆ ಬರುವಷ್ಟು ಕಾಲ.

ವರ್ಗೀಸ್ ಅವರ ತಂಡ ಮುಂದೆ ಈ ಎರಡು ಸುಳಿವುಗಳನ್ನು ಸೇರಿಸಿ ಒಂದು ಹೆಸರು ಕೊಟ್ಟಿತು. ಮೋಟಾರಿಕ್ ಕಾಗ್ನಿಟಿವ್ ರಿಸ್ಕ್ ಸಿಂಡ್ರೋಮ್. ಹೆಸರು ಉದ್ದ, ವಿಷಯ ಸುಲಭ. "ಈಚೆಗೆ ಮರೆವು ಜಾಸ್ತಿಯಾಗಿದೆ" ಎಂದು ಆ ವ್ಯಕ್ತಿಯೇ ಹೇಳಬೇಕು. ಜೊತೆಗೆ ಅವರದೇ ವಯಸ್ಸಿನ, ಅವರ ಹಾಗೆಯೇ ಗಂಡಸರೋ ಹೆಂಗಸರೋ ಆದವರಿಗಿಂತ ನಡಿಗೆ ಸ್ಪಷ್ಟವಾಗಿ ನಿಧಾನ ಇರಬೇಕು. ಡಿಮೆನ್ಶಿಯಾ ಇರಬಾರದು, ನಡೆಯಲಾರದಷ್ಟು ಊನವೂ ಇರಬಾರದು. 2014ರಲ್ಲಿ 17 ದೇಶಗಳ 26,802 ಮಂದಿಯ ಮಾಹಿತಿ ಒಟ್ಟು ಮಾಡಿ ನೋಡಿದಾಗ, 60 ದಾಟಿದ ನೂರು ಜನರಲ್ಲಿ ಸುಮಾರು ಹತ್ತು ಮಂದಿ ಈ ಗುಂಪಿಗೆ ಸೇರುತ್ತಿದ್ದರು. ಮುಂದೆ ಡಿಮೆನ್ಶಿಯಾ ಬರುವ ಸಾಧ್ಯತೆ ಉಳಿದವರಿಗಿಂತ ಅವರಲ್ಲಿ ಸುಮಾರು ಎರಡು ಪಟ್ಟು. ಇದೇ ತಂಡ ನಮ್ಮ ಪಕ್ಕದ ಕಲ್ಲಿಕೋಟೆಯಲ್ಲೂ ಅಧ್ಯಯನ ನಡೆಸಿದೆ. ದುಬಾರಿ ಸ್ಕ್ಯಾನ್ ಸಿಗದ ಊರುಗಳಿಗೆ ಇದು ಒದಗುತ್ತದೆ. ಒಂದು ಸ್ಟಾಪ್‌ವಾಚ್, ನೆಲದ ಮೇಲೆ ಎರಡು ಗೆರೆ, ಒಂದೆರಡು ಪ್ರಶ್ನೆ ಸಾಕು.

ನಡೆಯುತ್ತಾ ಲೆಕ್ಕ

ವರ್ಗೀಸ್ ಅವರ ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ನಡೆಯುತ್ತಾ ಇಂಗ್ಲಿಷ್ ಅಕ್ಷರಗಳನ್ನು ಒಂದು ಬಿಟ್ಟು ಒಂದು ಹೇಳಬೇಕು. ಎ, ಸಿ, ಇ, ಜಿ. ಕನ್ನಡದಲ್ಲಿ ಮಾಡಿ ನೋಡೋಣ ಅಂತ ಹೊರಟೆ. ಅ, ಇ, ಉ ಅಂದರೆ ಅದು ಹ್ರಸ್ವ ಸ್ವರಗಳ ಪಟ್ಟಿಯೇ ಆಗಿಬಿಡುತ್ತದೆ, ಯಾರು ಬೇಕಾದರೂ ಹೇಳಿಯಾರು. ವ್ಯಂಜನಕ್ಕೆ ಬಂದರೆ ಮಜಾ ಇದೆ. ಕ, ಗ, ಙ ಸಲೀಸು. ಆಮೇಲೆ ಛ, ಝ. ಅಲ್ಲಿಗೆ ನನ್ನ ಹೆಜ್ಜೆ ನಿಧಾನವಾಗಿತ್ತು. ನನಗಿನ್ನೂ ಅರವತ್ತಾಗಿಲ್ಲ. ಅಂದರೆ ನಡೆಯುವಾಗ ಕಷ್ಟದ ಲೆಕ್ಕ ಕೊಟ್ಟರೆ ಯಾರೇ ಆದರೂ ನಿಧಾನವಾಗುತ್ತಾರೆ. ಎಷ್ಟು ನಿಧಾನ ಎಂಬುದೇ ಪ್ರಶ್ನೆ.

ಅದನ್ನು ಅಳೆದವರು ಕೆನಡಾದ ಒಂಟಾರಿಯೊದಲ್ಲಿರುವ ಮನ್ವೆಲ್ ಮಾಂಟೆರೊ-ಒಡಾಸೊ ಮತ್ತು ಅವರ ತಂಡ. ಮರೆವಿನ ಮೊದಲ ಹಂತದಲ್ಲಿದ್ದ 112 ಮಂದಿಯನ್ನು ಮೊದಲು ಸುಮ್ನೆ ನಡೆಸಿದರು. ಆಮೇಲೆ ಹಿಂದಕ್ಕೆ ಎಣಿಸುತ್ತಾ, ಪ್ರಾಣಿಗಳ ಹೆಸರು ಹೇಳುತ್ತಾ ನಡೆಸಿದರು. ಎರಡನೆಯ ಸಲ ಯಾರ ವೇಗ 20%ಗಿಂತ ಜಾಸ್ತಿ ಇಳಿಯಿತೋ ಅವರು ಮುಂದೆ ಡಿಮೆನ್ಶಿಯಾಗೆ ಜಾರುವ ಸಾಧ್ಯತೆ ಹೆಚ್ಚಿತ್ತು. ಪ್ರಾಣಿಗಳ ಹೆಸರಿನಲ್ಲಿ ಸುಮಾರು ಎರಡೂವರೆ ಪಟ್ಟು, ಹಿಂದಕ್ಕೆ ಎಣಿಸುವುದರಲ್ಲಿ ಸುಮಾರು ನಾಲ್ಕು ಪಟ್ಟು. ಇದು ಬಂದದ್ದು 2017ರಲ್ಲಿ. 20% ಅಂದರೆ ಹೀಗೆ: ಸುಮ್ನೆ ನಡೆದಾಗ 10 ಸೆಕೆಂಡಿನ ದಾರಿ, ಎಣಿಸುತ್ತಾ ನಡೆದಾಗ ಹನ್ನೆರಡೂವರೆ ಸೆಕೆಂಡ್ ಹಿಡಿಯುವುದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇವೆಲ್ಲ ಗುಂಪಿನ ಲೆಕ್ಕಗಳು. ಎರಡು ಪಟ್ಟು, ನಾಲ್ಕು ಪಟ್ಟು ಅಂದ ತಕ್ಷಣ ನಿಮ್ಮ ಅಪ್ಪನಿಗೆ ಡಿಮೆನ್ಶಿಯಾ ಬರುತ್ತದೆ ಅಂತ ಅರ್ಥವಲ್ಲ. ನಿಧಾನ ನಡೆಯುವ ಬಹಳಷ್ಟು ಜನರ ತಲೆ ಕೊನೆಯವರೆಗೂ ಚುರುಕಾಗಿರುತ್ತದೆ. ಮಂಡಿ ಸವೆತ, ಹೃದಯದ ತೊಂದರೆ, ಉಬ್ಬಸ, ಹಳೆಯ ಮುರಿತ, ಕಣ್ಣಿನ ಪೊರೆ, ಬಿದ್ದೇನು ಎಂಬ ಹೆದರಿಕೆ, ಇದರಲ್ಲಿ ಯಾವುದು ಬೇಕಾದರೂ ನಿಧಾನ ಮಾಡಬಹುದು. ಕೆಲವರು ಹುಟ್ಟಿದಾಗಿನಿಂದಲೇ ನಿಧಾನ. ಇದಕ್ಕೂ ಒಂದು ಅಧ್ಯಯನ ಇದೆ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವಿಜ್ಞಾನಿಗಳು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ಅವರು 45ಕ್ಕೆ ಬಂದಾಗ ನಡಿಗೆಯ ವೇಗ ಅಳೆದರು. ನಿಧಾನ ನಡೆದವರಲ್ಲಿ ಎಷ್ಟೋ ಮಂದಿ ಮೂರು ವರ್ಷದ ಮಗುವಾಗಿದ್ದಾಗಲೇ ಮಾತು, ತಿಳಿವಳಿಕೆ, ಚಲನೆಯ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದಿದ್ದರು! ಅಂದರೆ ನಡಿಗೆಯ ವೇಗದಲ್ಲಿ ಮುಪ್ಪಿನ ಗುರುತು ಮಾತ್ರ ಇರುವುದಿಲ್ಲ, ಇಡೀ ಬದುಕಿನ ಗುರುತು ಇರುತ್ತದೆ.

ಹಾಗಾಗಿ ಒಬ್ಬರು ಎಷ್ಟು ನಿಧಾನ ಎಂಬುದಕ್ಕಿಂತ, ಅವರು ಮೊದಲು ಹೇಗಿದ್ದರು ಎಂಬುದನ್ನು ನೋಡುವುದು ಮೇಲು. ಆಸ್ಟ್ರೇಲಿಯಾ ಮತ್ತು ಅಮೆರಿಕದ 16,855 ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ತೋರಿಸಿತು. ನಡಿಗೆಯೂ ಇಳಿಯುತ್ತಾ, ನೆನಪಿನ ಪರೀಕ್ಷೆಯ ಅಂಕವೂ ಇಳಿಯುತ್ತಾ ಹೋದವರಲ್ಲಿ ಡಿಮೆನ್ಶಿಯಾದ ಸಾಧ್ಯತೆ ಎಲ್ಲರಿಗಿಂತ ಹೆಚ್ಚಿತ್ತು. ಒಂದು ಮಾತ್ರ ಇಳಿದವರಿಗೆ ಅಷ್ಟಿಲ್ಲ.

ಅರಳು ಮರಳು ಅಂತ ಬಿಟ್ಟರೆ ಕೈತಪ್ಪುವವು

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ನಮ್ಮಲ್ಲಿದೆ. ಈ ಗಾದೆಯಿಂದ ಆಗಿರುವ ನಷ್ಟ ಸಣ್ಣದಲ್ಲ. ಕಾಲು ಮತ್ತು ತಲೆ ಒಟ್ಟಿಗೆ ಸೋತಾಗ, "ವಯಸ್ಸಾಯ್ತಲ್ಲ" ಎಂದು ಸುಮ್ಮನಾದರೆ, ಗುಣವಾಗಬಹುದಾದ ಕೆಲವು ಕಾಯಿಲೆಗಳೂ ಹಾಗೇ ಉಳಿದುಬಿಡುತ್ತವೆ.

ಮೊದಲನೆಯದು ವಿಟಮಿನ್ ಬಿ12 ಕೊರತೆ. ಇದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನಿನಲ್ಲಿ. ಸೊಪ್ಪು, ತರಕಾರಿ, ಬೇಳೆಯಲ್ಲಿ ಇಲ್ಲ. ಸಸ್ಯಾಹಾರಿ ಮನೆಯ ಹಿರಿಯರು ಹಾಲನ್ನೂ ಕಡಿಮೆ ಮಾಡಿ, ಎರಡು ಹೊತ್ತು ಅನ್ನ-ತಿಳಿಸಾರಿಗೆ ಇಳಿದರೆ ಕೊರತೆ ಗ್ಯಾರಂಟಿ ಅನ್ನುವ ಮಟ್ಟಕ್ಕೆ ಹೋಗುತ್ತದೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತುಂಬಾ ವರ್ಷ ನುಂಗಿದವರಲ್ಲೂ ಇದು ಕಡಿಮೆಯಾಗಬಹುದು. ಬಿ12 ಇಲ್ಲದಿದ್ದರೆ ಬೆನ್ನುಹುರಿಯ ಹಿಂಭಾಗದ ತಂತುಗಳು ಕೆಡುತ್ತವೆ, ನೆನಪೂ ಮಂಕಾಗುತ್ತದೆ. ಪಾದ ಜೋಮು ಹಿಡಿಯುತ್ತದೆ. ಹತ್ತಿಯ ಮೇಲೆ ನಡೆದ ಹಾಗಿದೆ ಅನ್ನುತ್ತಾರೆ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ತೂರಾಡುತ್ತಾರೆ. ಅಂಗಾಲಿನಿಂದ ಬರಬೇಕಾದ ಸುದ್ದಿ ನಿಂತು, ಅಷ್ಟು ದಿನ ಕಣ್ಣೇ ಸಮತೋಲ ಹಿಡಿದಿತ್ತು ಎಂದು ಇದರ ಅರ್ಥ. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಇಂಜೆಕ್ಷನ್ ಇದೆ. ತಡವಾದಷ್ಟೂ ಪೂರ್ತಿ ವಾಪಸ್ ಬರುವುದು ಕಷ್ಟ.

ಎರಡನೆಯದನ್ನು ಕೇಳಿದವರು ಕಡಿಮೆ. ಮಿದುಳಿನ ಒಳಗಿನ ಕೋಣೆಗಳಲ್ಲಿ ಸದಾ ಒಂದು ದ್ರವ ಹರಿಯುತ್ತಿರುತ್ತದೆ. ಕೆಲವು ಹಿರಿಯರಲ್ಲಿ ಅದು ಸರಿಯಾಗಿ ಬಸಿದುಹೋಗದೆ ಕೋಣೆಗಳು ಹಿಗ್ಗುತ್ತವೆ. ಕೊಲಂಬಿಯಾ ದೇಶದ ಸಾಲೊಮೊನ್ ಹಾಕಿಮ್ ಇದನ್ನು ಗುರುತಿಸಿದರು. 1965ರಲ್ಲಿ ಅಮೆರಿಕದ ರೇಮಂಡ್ ಆಡಮ್ಸ್ ಮುಂತಾದವರ ಜೊತೆ ಸೇರಿ ಪ್ರಕಟಿಸಿದರು. ಲಕ್ಷಣ ಮೂರು. ಪಾದ ನೆಲಕ್ಕೆ ಅಂಟಿಕೊಂಡಂಥ, ಕಾಲು ಅಗಲಿಸಿದ ನಡಿಗೆ. ಮೂತ್ರ ತಡೆಯಲಾಗದಿರುವುದು. ಮರೆವು. ಹೆಚ್ಚಾಗಿ ನಡಿಗೆಯೇ ಮೊದಲು ಕೆಡುತ್ತದೆ. ಪರೀಕ್ಷೆಯೂ ನಡಿಗೆಯದೇ: ಬೆನ್ನಿನಿಂದ ಸ್ವಲ್ಪ ದ್ರವ ತೆಗೆದು, ತೆಗೆಯುವ ಮೊದಲು ಮತ್ತು ನಂತರ ನಡೆಸಿ ನೋಡುತ್ತಾರೆ. ನಡಿಗೆ ಸುಧಾರಿಸಿದರೆ ಮಿದುಳಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಇಡುವ ಆಪರೇಷನ್ ಮಾಡಬಹುದು. ನಮ್ಮ ಮನೆಗಳಲ್ಲಿ ಈ ಮೂರು ಲಕ್ಷಣ ಮೂರು ಬೇರೆ ಬೇರೆ ಡಾಕ್ಟರ ಬಳಿ ಹೋಗುತ್ತವೆ. ಕಾಲಿಗೆ ಮೂಳೆ ಡಾಕ್ಟರ್, ಮೂತ್ರಕ್ಕೆ ಇನ್ನೊಬ್ಬರು, ಮರೆವಿಗೆ ಯಾರೂ ಇಲ್ಲ. ಮೂರನ್ನೂ ಒಂದೇ ಉಸಿರಿನಲ್ಲಿ ಒಬ್ಬರ ಮುಂದೆ ಹೇಳಿದರೆ ಕತೆಯೇ ಬದಲಾದೀತು.

ಇನ್ನು ಮಾತ್ರೆಗಳು. ನಿದ್ದೆ ಮಾತ್ರೆ, ನೆಗಡಿ-ಅಲರ್ಜಿಗೆ ಕೊಡುವ ಕೆಲವು ಹಳೆಯ ಮಾತ್ರೆಗಳು ಕಾಲನ್ನೂ ತಲೆಯನ್ನೂ ಒಟ್ಟಿಗೇ ಮಂಕು ಮಾಡುತ್ತವೆ. ಥೈರಾಯ್ಡ್ ಕಡಿಮೆಯಾದರೂ ಹಾಗೇ.

ನಡೆದರೆ ಮರೆವು ತಡೆಯಬಹುದಾ ಎಂಬ ಪ್ರಶ್ನೆಗೆ ವಾಟ್ಸಾಪ್ ಕೊಡುವಷ್ಟು ಖಚಿತ ಉತ್ತರ ವಿಜ್ಞಾನದಲ್ಲಿ ಇಲ್ಲ. 2011ರ ಒಂದು ಅಧ್ಯಯನದಲ್ಲಿ 120 ಹಿರಿಯರಲ್ಲಿ ಅರ್ಧ ಜನ ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ಬಿರುಸಾಗಿ ನಡೆದರು. ವರ್ಷ ಕಳೆದಾಗ ಅವರ ಹಿಪ್ಪೊಕ್ಯಾಂಪಸ್ ಸುಮಾರು 2% ದೊಡ್ಡದಾಗಿತ್ತು. ಬರೀ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತ್ತು. ಈ ಸುದ್ದಿ ಊರೆಲ್ಲ ಹರಡಿತು. ಆದರೆ 70ರಿಂದ 89 ವಯಸ್ಸಿನ 1,635 ಮಂದಿಯನ್ನು ಎರಡು ವರ್ಷ ನೋಡಿದ ಇನ್ನೂ ದೊಡ್ಡ ಅಧ್ಯಯನದಲ್ಲಿ, ವ್ಯಾಯಾಮ ಮಾಡಿದವರ ನೆನಪಿಗೂ ಮಾಡದವರ ನೆನಪಿಗೂ ವ್ಯತ್ಯಾಸ ಸಿಗಲಿಲ್ಲ. ಈ ಸುದ್ದಿ ಅಷ್ಟಾಗಿ ಹರಡಲಿಲ್ಲ. ಅದರಲ್ಲಿ ಗೆದ್ದದ್ದು ಕಾಲು. ವ್ಯಾಯಾಮ ಮಾಡಿದವರು ನಡೆಯುವ ಶಕ್ತಿಯನ್ನು ಹೆಚ್ಚು ಕಾಲ ಉಳಿಸಿಕೊಂಡರು. ನನಗೆ ಅದೇ ಸಾಕಷ್ಟು ದೊಡ್ಡ ಲಾಭ ಅನ್ನಿಸುತ್ತದೆ. ತಲೆಗೆ ನೆರವಾಗಬೇಕೆಂದರೆ ಐವತ್ತರಲ್ಲೇ ಬಿಪಿ, ಶುಗರ್ ಹಿಡಿತಕ್ಕೆ ತರಬೇಕು, ಕಿವಿ ಕೇಳದಿದ್ದರೆ ಮೆಷಿನ್ ಹಾಕಿಸಬೇಕು.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ 7.4% ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ಕೈಗೊಂಡಿದೆ. ಮಾವಿನ ತೋಪು, ಟೊಮೇಟೊ ಹೊಲದಲ್ಲಿ ದುಡಿದ ಕಾಲುಗಳು ಆಫೀಸು ಕುರ್ಚಿಯಲ್ಲಿ ಕೂತ ಕಾಲುಗಳ ಹಾಗೇ ಮುಪ್ಪಾಗುತ್ತವಾ ಎಂಬ ಕುತೂಹಲ ನನಗಿದೆ.

ಮನೆಯಲ್ಲಿ ನೋಡುವುದು ಹೇಗೆ? ನಾಲ್ಕು ಮೀಟರ್ ಗುರುತು ಮಾಡಿ, ಎಂದಿನಂತೆ ನಡೆಯಲು ಹೇಳಿ. ಐದು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ವೇಗ ಸೆಕೆಂಡಿಗೆ 0.8 ಮೀಟರ್‌ಗಿಂತ ಕಡಿಮೆ. ಡಾಕ್ಟರುಗಳು ಸಾಮಾನ್ಯವಾಗಿ ಗಮನ ಕೊಡುವ ಗಡಿ ಅದು. ಹೆಂಗಸರ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಬೇಕು. ಮನೆಯಲ್ಲೇ ಇರುವ ಅಜ್ಜಿ ದಿನಕ್ಕೆ ಹಜಾರದಿಂದ ಅಡುಗೆಮನೆಗೆ ಹತ್ತು ಹೆಜ್ಜೆ, ಅಲ್ಲಿಂದ ದೇವರ ಕೋಣೆಗೆ ಆರು ಹೆಜ್ಜೆ. ದಾರಿಯುದ್ದಕ್ಕೂ ಹಿಡಿಯಲು ಬಾಗಿಲ ಚೌಕಟ್ಟು, ಮೇಜು, ಗೋಡೆ. ವೇಗ ಇಳಿದದ್ದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಮದುವೆ ಮನೆಯಲ್ಲಿ, ಊಟದ ಹಾಲ್ ತನಕ ನಡೆಯಬೇಕಾದಾಗ.

ಮದುವೆ ಅಂದೆನಲ್ಲ, ಡಾಕ್ಟರ ಹತ್ತಿರ ಹೋಗುವ ಮೊದಲು ಮನೆಯ ಹಳೆಯ ಮದುವೆ ವಿಡಿಯೋ ಒಂದನ್ನು ಹಾಕಿ ನೋಡಿ. ಎಂಟು ಹತ್ತು ವರ್ಷದ ಹಿಂದಿನದು. ವಧೂವರರನ್ನು ಬಿಡಿ, ಹಿಂದೆ ತಾಂಬೂಲದ ತಟ್ಟೆ ಹಿಡಿದು ಓಡಾಡುವ ಅಮ್ಮನನ್ನು ಹುಡುಕಿ. ಹೆಜ್ಜೆ ಎಷ್ಟು ಉದ್ದ ಇತ್ತು, ಕೈ ಬೀಸುತ್ತಿದ್ದರಾ, ತಿರುಗುವಾಗ ಒಂದೇ ಸಲಕ್ಕೆ ತಿರುಗಿದರಾ, ಯಾರೋ ಕರೆದಾಗ ನಡೆಯುತ್ತಲೇ ಮಾತಾಡಿದರಾ ಅಂತ ನೋಡಿ. ಆಮೇಲೆ ಇವತ್ತಿನದನ್ನು ಮೊಬೈಲಿನಲ್ಲಿ ಇಪ್ಪತ್ತು ಸೆಕೆಂಡ್ ಹಿಡಿದು, ಎರಡನ್ನೂ ಡಾಕ್ಟರಿಗೆ ತೋರಿಸಿ.